ಸಿವ್ 6: ಮೊದಲ 60 ಟರ್ನ್‌ನಲ್ಲಿ ಎರಡನೇ ನಗರ ಕೈ ತಪ್ಪದ ಹಾಗೆ ಆಡೋದು ಹೇಗೆ

ಪ್ರಶ್ನೆ: ಸಿವಿಲೈಸೇಶನ್ 5 (ಸರದಿ ಪ್ರಕಾರ ಸಾಮ್ರಾಜ್ಯ ಕಟ್ಟೋ ಕಂಪ್ಯೂಟರ್ ಆಟ) ತುಂಬಾ ವರ್ಷ ಆಡಿದೀನಿ, ಈಗ 6 ಶುರು ಮಾಡಿದೀನಿ, ಗ್ಯಾದರಿಂಗ್ ಸ್ಟಾರ್ಮ್ ಎಕ್ಸ್‌ಪ್ಯಾನ್ಷನ್ ಇದೆ, ಕಷ್ಟದ ಮಟ್ಟ ಕಿಂಗ್ ಲೆವೆಲ್, ಸ್ಟ್ಯಾಂಡರ್ಡ್ ಸ್ಪೀಡ್. ಪ್ರತಿ ಆಟನೂ ಒಂದೇ ಥರ ಹಾಳಾಗ್ತಿದೆ. ಮೊದಲು ಸ್ಕೌಟ್, ಆಮೇಲೆ ಸ್ಟೋನ್‌ಹೆಂಜ್ ಅನ್ನೋ ವಂಡರ್ (ಅದ್ಭುತ ಕಟ್ಟಡ), ಆಮೇಲೆ ಸೆಟ್ಲರ್ (ಹೊಸ ನಗರ ಹಾಕೋ ಯೂನಿಟ್) ಮಾಡ್ತೀನಿ. ಅಷ್ಟರಲ್ಲಿ ಬಾರ್ಬೇರಿಯನ್‌ಗಳು ಬಂದು ಹೊಲ, ಗಣಿ ಎಲ್ಲ ಲೂಟಿ ಮಾಡ್ತಾರೆ, 55ನೇ ಟರ್ನ್ ಹೊತ್ತಿಗೆ ಪಕ್ಕದ ದೇಶದವನು ನಾಲ್ಕೈದು ವಾರಿಯರ್, ಒಂದೆರಡು ಆರ್ಚರ್ ತಗೊಂಡು ಬಂದು ಎರಡನೇ ನಗರ ಕಿತ್ಕೊಂಡು ಹೋಗ್ತಾನೆ. ಕಬ್ಬಿಣದ ಗಣಿ ಇದ್ರೂ ಸ್ವೋರ್ಡ್ಸ್‌ಮನ್ ಮಾಡೋಕೆ ಬಿಡಲ್ಲ. ಶುರುವಿನಲ್ಲಿ ಎಷ್ಟು ಸೈನ್ಯ ಬೇಕು, ಯಾವ ಯೂನಿಟ್ ಬೇಕು, ನಾನೇ ಮೊದಲು ದಾಳಿ ಮಾಡಿದ್ರೆ ಒಳ್ಳೇದಾ?

ಉತ್ತರ: ನೀವು ಬರೆದಿರೋದು ಓದಿದ ತಕ್ಷಣ ನಂಗೆ ಅನ್ಸಿದ್ದು, ನೀವು ಕೆಟ್ಟದಾಗಿ ಆಡ್ತಿಲ್ಲ, 5 ನ್ನೇ 6 ರಲ್ಲಿ ಆಡ್ತಿದೀರಿ ಅಂತ. ನೋಡೋಕೆ ಎರಡೂ ಒಂದೇ ಥರ, ಅದೇ ಆರು ಮೂಲೆಯ ಟೈಲ್, ಅದೇ ಒಂದು ಟೈಲ್‌ಗೆ ಒಂದೇ ಯೂನಿಟ್ ಅನ್ನೋ ನಿಯಮ (2010 ರಲ್ಲಿ 5 ಬಂದಾಗಲೇ ಶುರುವಾಗಿದ್ದು), ಆದ್ರೆ ಒಳಗಡೆ ಮೂರ್ನಾಲ್ಕು ವಿಷಯ ಪೂರ್ತಿ ಬದಲಾಗಿದೆ, ಆ ಮೂರ್ನಾಲ್ಕೇ ನಿಮ್ಮ ಎರಡನೇ ನಗರ ತಿಂತಿರೋದು.

ಎಲ್ಲಕ್ಕಿಂತ ದೊಡ್ಡದು ಇದು. 5 ರಲ್ಲಿ ನಗರ ಹುಟ್ಟಿದ ದಿನದಿಂದಲೇ ಬಾಣ ಬಿಡ್ತಿತ್ತು. ಗೋಡೆ ಇಲ್ಲದಿದ್ರೂ ಪ್ರತಿ ಟರ್ನ್ ಒಬ್ಬನಿಗೆ ಹೊಡೀತಿತ್ತು, ಒಳಗೆ ಒಬ್ಬ ಆರ್ಚರ್ ಇಟ್ರೆ ನಾಲ್ಕು ವಾರಿಯರ್ ಬಂದ್ರೂ ತಡ್ಕೊಳ್ತಿತ್ತು. 6 ರಲ್ಲಿ ಗೋಡೆ ಕಟ್ಟೋವರೆಗೂ ನಗರ ಒಂದು ಬಾಣನೂ ಬಿಡಲ್ಲ, ಸುಮ್ನೆ ಏಟು ತಿಂತಾ ಕೂತಿರತ್ತೆ. 200 ಹೆಲ್ತ್ ಇದೆ ಅಂತ ಕಾಣತ್ತೆ, ಆದ್ರೆ ನಾಲ್ಕು ಕಡೆಯಿಂದ ಹೊಡೆದ್ರೆ ಮೂರ್ನಾಲ್ಕು ಟರ್ನ್‌ನಲ್ಲಿ ಮುಗೀತು. ಗೋಡೆಗೆ ಮೇಸನ್ರಿ ಅನ್ನೋ ಟೆಕ್ (ತಂತ್ರಜ್ಞಾನ) ಬೇಕು, ಆಮೇಲೆ 80 ಪ್ರೊಡಕ್ಷನ್ (ನಗರ ಟರ್ನ್‌ಗೆ ಎಷ್ಟು ಕೆಲಸ ಮಾಡತ್ತೆ ಅನ್ನೋ ಅಳತೆ) ಬೇಕು, ಹೊಸ ನಗರದಲ್ಲಿ ಪ್ರೊಡಕ್ಷನ್ ಎರಡೋ ಮೂರೋ ಇರತ್ತೆ ಅಷ್ಟೇ, ಅಂದ್ರೆ ಶತ್ರು ಕಂಡ ಮೇಲೆ ಗೋಡೆ ಶುರು ಮಾಡೋದು ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ. ಹಾಗಾಗಿ 6 ರಲ್ಲಿ ಮೊದಲ 60 ಟರ್ನ್ ನಗರ ಕಾಯೋದು ನಿಂತಿರೋ ಸೈನಿಕರೇ, ಬೇರೆ ಯಾರೂ ಇಲ್ಲ.

ಎರಡನೇದು ನಗರಗಳ ಲೆಕ್ಕ. 5 ರಲ್ಲಿ ನಾಲ್ಕು ನಗರ ಮಾಡಿ ಟ್ರೆಡಿಷನ್ ಪಾಲಿಸಿ ಹಿಡ್ಕೊಂಡು ಕೂತ್ರೆ ಸಾಕಿತ್ತು, ಹೆಚ್ಚು ನಗರ ಮಾಡಿದ್ರೆ ಇಡೀ ದೇಶದ ಹ್ಯಾಪಿನೆಸ್ ಬೀಳ್ತಿತ್ತು. 6 ರಲ್ಲಿ ಆ ಭಯ ಇಲ್ಲ. ಜಾಗ ಇರೋಷ್ಟು ದಿನ ನಗರ ಹಾಕ್ತಾನೇ ಇರ್ಬೇಕು, 60ನೇ ಟರ್ನ್‌ಗೆ ನಾಲ್ಕು ಇದ್ರೆ ಪರವಾಗಿಲ್ಲ, ಐದಾದ್ರೆ ಚೆನ್ನಾಗಿದೆ, ಎರಡೇ ಇದ್ರೆ ಆಟ ಆಗಲೇ ಹಿಂದೆ ಬಿದ್ದಿದೆ ಅಂತ ಅರ್ಥ.

ಈಗ ಸ್ಟೋನ್‌ಹೆಂಜ್ ವಿಷಯಕ್ಕೆ ಬರ್ತೀನಿ, ಸ್ವಲ್ಪ ನೇರವಾಗೇ ಹೇಳ್ತೀನಿ. ಅದಕ್ಕೆ 180 ಪ್ರೊಡಕ್ಷನ್. ಶುರುವಿನಲ್ಲಿ ರಾಜಧಾನಿ ಟರ್ನ್‌ಗೆ ಸುಮಾರು 5 ಕೊಡತ್ತೆ ಅಂತ ಇಟ್ಕೊಳ್ಳಿ, 36 ಟರ್ನ್ ಆಯ್ತು. ಅದೇ 180 ರಲ್ಲಿ ಮೂರು ಆರ್ಚರ್ ಬರ್ತಾರೆ, ಒಬ್ಬೊಬ್ಬರು 60. ಇಲ್ಲಾಂದ್ರೆ ಎರಡು ಸ್ಲಿಂಗರ್ (ಕವಣೆ ಕಲ್ಲು ಹೊಡೆಯೋರು, 35 + 35) ಮತ್ತೆ ಒಂದು ಸೆಟ್ಲರ್ (80) ಬಂದು ಇನ್ನೂ 30 ಉಳಿಯತ್ತೆ, ಅದರಲ್ಲಿ ಇನ್ನೊಂದು ಸ್ಕೌಟ್. ನೀವು ಸ್ಟೋನ್‌ಹೆಂಜ್‌ಗೆ ಹಾಕಿದ್ದು ಬರೀ ಪ್ರೊಡಕ್ಷನ್ ಅಲ್ಲ, ಆಟದ ಅತಿ ಬೆಲೆಬಾಳೋ 36 ಟರ್ನ್, ಅಷ್ಟೊತ್ತಿಗೆ ಪಕ್ಕದವನು ನಿಮ್ಮ ಜಾಗದಲ್ಲೇ ನಗರ ಹಾಕಿರ್ತಾನೆ. ಅಷ್ಟಾದ್ಮೇಲೂ ಬೇರೆ ಯಾರೋ ಮೊದಲು ಕಟ್ಟಿ ಮುಗಿಸೋ ಸಾಧ್ಯತೆ ಇದ್ದೇ ಇದೆ. ಮೊದಲ ವಂಡರ್ ಮೂರನೇ ನಗರ ಆದ್ಮೇಲೆ ಯೋಚನೆ ಮಾಡಿ, ಅದಕ್ಕೂ ಮುಂಚೆ ಬೇಡ.

ಇಷ್ಟು ಹೇಳಿದ್ಮೇಲೆ ನನ್ನ ಮುಖ್ಯ ಮಾತಿಗೆ ಬರ್ತೀನಿ. ಬಹಳ ಜನ ಸೈನ್ಯ ಬೇರೆ, ಪ್ರಗತಿ ಬೇರೆ ಅಂದ್ಕೊಂಡಿರ್ತಾರೆ, ವಾರಿಯರ್ ಮಾಡಿದ್ರೆ ಸೈನ್ಸ್‌ಗೆ ನಷ್ಟ ಅಂತ. 6 ರ ಶುರುವಿನಲ್ಲಿ ಇದು ಸುಳ್ಳು. ಯುರೇಕಾ, ಇನ್ಸ್‌ಪಿರೇಷನ್ ಅಂತ ಇದಾವಲ್ಲ, ಒಂದು ಸಣ್ಣ ಕೆಲಸ ಮಾಡಿದ್ರೆ ಆ ಟೆಕ್ ಅಥವಾ ಸಿವಿಕ್‌ನ (ಸಮಾಜ, ಆಡಳಿತದ ಬೆಳವಣಿಗೆ) 40 ಪರ್ಸೆಂಟ್ ಪುಕ್ಕಟೆ ಸಿಗತ್ತೆ (2016 ರಲ್ಲಿ ಆಟ ಬಂದಾಗ 50 ಇತ್ತು), ಶುರುವಿನ ಯುರೇಕಾಗಳಲ್ಲಿ ಎಷ್ಟು ಸೈನಿಕರ ಕೈಯಲ್ಲೇ ಇದೆ ನೋಡಿ. ಸ್ಲಿಂಗರ್ ಒಬ್ಬ ಯಾವುದಾದ್ರೂ ಯೂನಿಟ್ ಕೊಂದ್ರೆ ಆರ್ಚರಿ. ಮೂರು ಬಾರ್ಬೇರಿಯನ್ ಸತ್ರೆ ಬ್ರಾಂಜ್ ವರ್ಕಿಂಗ್. ಅವರ ಕ್ಯಾಂಪ್ ಒಂದು ಕಿತ್ತು ಹಾಕಿದ್ರೆ ಮಿಲಿಟರಿ ಟ್ರೆಡಿಷನ್. ಮೂರು ಆರ್ಚರ್ ಇಟ್ಕೊಂಡಿದ್ರೆ ಮುಂದೆ ಮಷೀನರಿ. ಸ್ಕೌಟ್ ಓಡಾಡಿ ಇನ್ನೊಂದು ನಾಗರಿಕತೆ ಸಿಕ್ರೆ ರೈಟಿಂಗ್, ಎರಡನೇ ಖಂಡ ಕಂಡ್ರೆ ಫಾರಿನ್ ಟ್ರೇಡ್, ನ್ಯಾಚುರಲ್ ವಂಡರ್ ಕಂಡ್ರೆ ಅಸ್ಟ್ರಾಲಜಿ, ಮೂರು ಸಿಟಿ-ಸ್ಟೇಟ್ (ಒಂದೇ ನಗರದ ಸಣ್ಣ ರಾಜ್ಯ) ಸಿಕ್ರೆ ಪೊಲಿಟಿಕಲ್ ಫಿಲಾಸಫಿ, ಅಂದ್ರೆ ನಿಮ್ಮ ಮೊದಲ ಸರಿಯಾದ ಸರ್ಕಾರ. ಜೊತೆಗೆ ಯಾವ ಸಿಟಿ-ಸ್ಟೇಟ್‌ನ ಎಲ್ಲರಿಗಿಂತ ಮೊದಲು ನೋಡ್ತೀರೋ ಅಲ್ಲಿ ಒಬ್ಬ ಎನ್ವಾಯ್ (ದೂತ) ಪುಕ್ಕಟೆ. ವಾರಿಯರ್, ಸ್ಕೌಟ್, ಸ್ಲಿಂಗರ್ ಮೂವರಿಗೂ ಟರ್ನ್‌ಗೆ ಖರ್ಚು ಸೊನ್ನೆ. ಇಷ್ಟು ಸೈನ್ಸ್ ಕೊಡೋ ಕಟ್ಟಡ ಆ ಕಾಲದಲ್ಲಿ ಇಲ್ಲವೇ ಇಲ್ಲ. ನೀವು ಒಂದೇ ಸ್ಕೌಟ್ ಮಾಡಿ ಮನೇಲಿ ಕಲ್ಲು ಜೋಡಿಸ್ತಾ ಕೂತಾಗ ಕಳ್ಕೊಂಡಿದ್ದು ಇದನ್ನೆಲ್ಲ.

ನಾನು ಮಾಡೋ ಕ್ರಮ ಹೇಳ್ತೀನಿ. ಮೊದಲು ಸ್ಕೌಟ್, ಆಮೇಲೆ ಸ್ಲಿಂಗರ್, ಆಮೇಲೆ ಸೆಟ್ಲರ್ (ಸೆಟ್ಲರ್‌ಗೆ ನಗರದಲ್ಲಿ ಜನಸಂಖ್ಯೆ 2 ಇರ್ಬೇಕು, ಮುಗಿದಾಗ ಒಬ್ಬರು ಕಮ್ಮಿ ಆಗ್ತಾರೆ, ಮೊದಲೆರಡು ಯೂನಿಟ್ ಆಗೋ ಅಷ್ಟರಲ್ಲಿ ಊರು ಬೆಳೆದಿರತ್ತೆ, ಅದಕ್ಕೇ ಈ ಕ್ರಮ), ಆಮೇಲೆ ಇನ್ನೊಂದು ಸ್ಲಿಂಗರ್, ಬಿಲ್ಡರ್, ಮತ್ತೆ ಸೆಟ್ಲರ್. ಅಕ್ಕಪಕ್ಕ ಕ್ಯಾಂಪ್ ಕಂಡ್ರೆ ಎರಡನೇ ಸ್ಲಿಂಗರ್ ಸೆಟ್ಲರ್‌ಗಿಂತ ಮುಂಚೆ. ಬಿಲ್ಡರ್‌ಗೆ ಮೂರೇ ಸಲ ಕೆಲಸ ಮಾಡೋ ಶಕ್ತಿ, 5 ರ ವರ್ಕರ್ ಥರ ಜೀವನಪೂರ್ತಿ ಇರಲ್ಲ, ಆದ್ರೆ ಆ ಮೂರನ್ನೂ ಮೂರು ಟೈಲ್ ಮೇಲೆ ಹಾಕಿದ್ರೆ ಕ್ರಾಫ್ಟ್ಸ್‌ಮನ್‌ಶಿಪ್ ಇನ್ಸ್‌ಪಿರೇಷನ್ ಬರತ್ತೆ, ಅದರಲ್ಲೂ ಒಂದು ಕ್ವಾರಿ (ಕಲ್ಲು ಗಣಿ) ಆದ್ರೆ ಮೇಸನ್ರಿ, ಒಂದು ಪಾಶ್ಚರ್ (ಹುಲ್ಲುಗಾವಲು) ಆದ್ರೆ ಹಾರ್ಸ್‌ಬ್ಯಾಕ್ ರೈಡಿಂಗ್. ಒಬ್ಬ ಬಿಲ್ಡರ್, ಮೂರು ಬೂಸ್ಟ್. ಮಾನ್ಯುಮೆಂಟ್ (ಕಲ್ಚರ್ ಕೊಡೋ ಕಟ್ಟಡ) ಪ್ರತಿ ಹೊಸ ನಗರದ ಮೊದಲ ಕೆಲಸ, ರಾಜಧಾನಿಯಲ್ಲಿ ಮಾತ್ರ ನಾನು ಸ್ವಲ್ಪ ತಡ ಮಾಡ್ತೀನಿ.

ಟೆಕ್‌ನಲ್ಲಿ ಅನಿಮಲ್ ಹಸ್ಬೆಂಡ್ರಿ ಅಥವಾ ಮೈನಿಂಗ್ (ಯಾವುದು ನಿಮ್ಮ ಸುತ್ತ ಇರೋ ಟೈಲ್‌ಗೆ ಬೇಕೋ ಅದು ಮೊದಲು, ಆದ್ರೆ ಆರ್ಚರಿಗೆ ಅನಿಮಲ್ ಹಸ್ಬೆಂಡ್ರಿ ಆಗಿರ್ಲೇಬೇಕು), ಆಮೇಲೆ ಆರ್ಚರಿ. ಆರ್ಚರಿಗೆ 50 ಸೈನ್ಸ್, ಸ್ಲಿಂಗರ್ ಕೈಯಲ್ಲಿ ಒಬ್ಬನ್ನ ಕೊಲ್ಸಿದ್ರೆ ಅದರಲ್ಲಿ 20 ಕಳೀತು. ಇದಕ್ಕೆ ಒಂದು ಕ್ರಮ ಇದೆ, ಮೊದಲು ವಾರಿಯರ್ ಹೊಡೆದು ಶತ್ರುನ ಬಡಕಲು ಮಾಡ್ಲಿ, ಕೊನೇ ಏಟು ಮಾತ್ರ ಸ್ಲಿಂಗರ್‌ದು. ಸ್ಲಿಂಗರ್ ಕಲ್ಲು ಒಂದೇ ಟೈಲ್ ದೂರ ಹೋಗೋದು, ಬಲ 15 ಮಾತ್ರ, ಮೈಮೇಲೆ ಬಿದ್ರೆ 5, ಒಂಟಿಯಾಗಿ ಕಳ್ಸಿದ್ರೆ ಸತ್ತೇ ಹೋಗ್ತಾನೆ. ಅವನ ಬೆಲೆ ಇರೋದು ಅವನು ಮುಂದೆ ಏನಾಗ್ತಾನೆ ಅನ್ನೋದ್ರಲ್ಲಿ. ಆರ್ಚರಿ ಬರೋ ಟರ್ನ್‌ಗೆ ಕೈಯಲ್ಲಿ ಸ್ವಲ್ಪ ಚಿನ್ನ ಉಳಿಸ್ಕೊಂಡಿದ್ರೆ ಇಬ್ಬರು ಸ್ಲಿಂಗರ್‌ನೂ ಅವತ್ತೇ ಆರ್ಚರ್ ಮಾಡ್ಬಹುದು, ಹೊಸ ಆರ್ಚರ್‌ನ ಚಿನ್ನ ಕೊಟ್ಟು ಕೊಳ್ಳೋಕೆ 240 ಬೇಕು, ಅಪ್‌ಗ್ರೇಡ್‌ಗೆ ಅದರ ಒಂದು ಸಣ್ಣ ಪಾಲು ಸಾಕು. ನಿಮ್ಮ ಗಡಿ ಒಳಗೆ ಇದ್ರೆ ಮಾತ್ರ ಅಪ್‌ಗ್ರೇಡ್ ಬಟನ್ ಬರತ್ತೆ ಅನ್ನೋದು ನೆನಪಿರ್ಲಿ, ಆರ್ಚರಿ ಮುಗಿಯೋಕೆ ಎರಡು ಟರ್ನ್ ಇರೋವಾಗಲೇ ಅವರನ್ನ ವಾಪಸ್ ಕರೆಸ್ಕೊಳ್ಳಿ.

ಬಾರ್ಬೇರಿಯನ್‌ಗಳ ಬಗ್ಗೆ. ಇವರು ಎಲ್ಲಿಂದಲೋ ಸುಮ್ನೆ ಬಂದು ಬೀಳಲ್ಲ, ಅವರಿಗೂ ಒಂದು ಪದ್ಧತಿ ಇದೆ. ಕ್ಯಾಂಪ್‌ನಿಂದ ಒಬ್ಬ ಸ್ಕೌಟ್ ಹೊರಡ್ತಾನೆ, ನಿಮ್ಮ ನಗರ ನೋಡ್ತಾನೆ, ನೋಡಿದ ತಕ್ಷಣ ಅವನ ತಲೆ ಮೇಲೆ ಒಂದು ಕೆಂಪು ಆಶ್ಚರ್ಯಸೂಚಕ ಬರತ್ತೆ, ಆಮೇಲೆ ತಿರುಗಿ ಮನೆ ಕಡೆ ಓಡ್ತಾನೆ. ಅವನು ಕ್ಯಾಂಪ್ ಮುಟ್ಟಿದ್ರೆ ಮಾತ್ರ ದಾಳಿ ಶುರು. ಮುಟ್ಟೋ ಮೊದಲೇ ಅವನನ್ನ ಕೊಂದ್ರೆ ಏನೂ ಆಗಲ್ಲ. ಅದಕ್ಕೇ ಮೊದಲ ವಾರಿಯರ್‌ನ ದೂರ ದೇಶ ನೋಡೋಕೆ ಕಳಿಸ್ಬೇಡಿ, ಆ ಕೆಲಸ ಸ್ಕೌಟ್ ಮಾಡ್ಲಿ, ವಾರಿಯರ್ ರಾಜಧಾನಿ ಸುತ್ತ ನಾಲ್ಕೈದು ಟೈಲ್ ದೂರದಲ್ಲಿ ಸುತ್ತು ಹೊಡೀತಾ ಇರ್ಲಿ. ಅವರ ಸ್ಕೌಟ್ ಮೂರು ಹೆಜ್ಜೆ ಓಡ್ತಾನೆ, ನಿಮ್ಮ ವಾರಿಯರ್ ಎರಡೇ, ಹಿಂದೆ ಓಡಿದ್ರೆ ಸಿಗಲ್ಲ. ಅವನು ವಾಪಸ್ ಹೋಗೋ ದಾರಿ ಊಹೆ ಮಾಡಿ, ಕಾಡೋ ಗುಡ್ಡನೋ ಇರೋ ಇಕ್ಕಟ್ಟಿನ ಜಾಗದಲ್ಲಿ ಮುಂಚೇನೇ ನಿಂತ್ಕೊಳ್ಳಿ, ಆ ಕಡೆಯಿಂದ ಸ್ಲಿಂಗರ್ ಬರ್ಲಿ.

ಇನ್ನೊಂದು ಗುಟ್ಟು, ಇದನ್ನ ತುಂಬಾ ಜನ ಗಮನಿಸಲ್ಲ. ಹೊಸ ಕ್ಯಾಂಪ್ ಹುಟ್ಟೋದು ಯಾರ ಕಣ್ಣಿಗೂ ಬೀಳದ ಟೈಲ್‌ನಲ್ಲಿ ಮಾತ್ರ. ಒಂದು ಗುಡ್ಡದ ಮೇಲೆ ಒಬ್ಬ ಸ್ಕೌಟ್‌ನ ಸುಮ್ನೆ ಮಲಗಿಸಿಟ್ರೆ ಅವನಿಗೆ ಕಾಣೋ ಅಷ್ಟು ನೆಲದಲ್ಲಿ ಕ್ಯಾಂಪ್ ಏಳಲ್ಲ. ದೇಶ ಎಲ್ಲ ನೋಡಿ ಮುಗಿಸಿದ ಸ್ಕೌಟ್‌ನ ಡಿಲೀಟ್ ಮಾಡೋರನ್ನ ನೋಡಿದೀನಿ, ಹೊಟ್ಟೆ ಉರಿಯತ್ತೆ. ಅವನನ್ನ ನಿಮ್ಮ ಮುಂದಿನ ನಗರ ಬರೋ ಜಾಗದ ಹತ್ರ ಗುಡ್ಡಕ್ಕೆ ಹತ್ತಿಸಿ, ಖರ್ಚೇ ಇಲ್ಲದ ಕಾವಲುಗಾರ ಅವನು. ಕುದುರೆ ಇರೋ ಜಾಗದ ಪಕ್ಕ ಕ್ಯಾಂಪ್ ಎದ್ರೆ ಕುದುರೆ ಸವಾರರೇ ಬರ್ತಾರೆ, ಅದು ನಿಜಕ್ಕೂ ಕಷ್ಟ, ಬಹುಶಃ ನಿಮ್ಮ ಹೊಲ ಲೂಟಿ ಮಾಡಿದ್ದೂ ಅವರೇ. ಅಂಥದ್ದು ಕಂಡ್ರೆ ಬೇರೆ ಎಲ್ಲ ಬಿಟ್ಟು ಮೊದಲು ಅದನ್ನ ಕೀಳಿ. ಕ್ಯಾಂಪ್ ಒಳಗೆ ಸಾಮಾನ್ಯವಾಗಿ ಒಬ್ಬ ಸ್ಪಿಯರ್‌ಮನ್ ಕೂತಿರ್ತಾನೆ, ಬಲ 25, ವಾರಿಯರ್‌ನ 20 ಕ್ಕಿಂತ ಜಾಸ್ತಿ ಅಂತ ಹೆದರ್ಬೇಡಿ, ವಾರಿಯರ್ ಥರದ ಮೆಲೀ (ಹತ್ರ ಹೋಗಿ ಹೊಡೆಯೋ) ಯೂನಿಟ್‌ಗೆ ಸ್ಪಿಯರ್‌ಮನ್ ಎದುರು ಬೋನಸ್ ಇದೆ, ಜೊತೆಗೆ ಮೊದಲ ಸಿವಿಕ್ ಕೋಡ್ ಆಫ್ ಲಾಸ್ ಆದ ತಕ್ಷಣ ಡಿಸಿಪ್ಲಿನ್ ಅನ್ನೋ ಪಾಲಿಸಿ ಕಾರ್ಡ್ ಹಾಕಿದ್ರೆ ಬಾರ್ಬೇರಿಯನ್ ಎದುರು ಎಲ್ಲರಿಗೂ +5. ಶುರುವಿನ ಮಿಲಿಟರಿ ಸ್ಲಾಟ್‌ಗೆ ಇದಕ್ಕಿಂತ ಒಳ್ಳೆ ಕಾರ್ಡ್ ನಂಗೆ ಗೊತ್ತಿಲ್ಲ.

ಈಗ ಹೊಡೆದಾಟದ ಲೆಕ್ಕ, ಇದೊಂದು ತಲೆಗೆ ಹೋದ್ರೆ ಅರ್ಧ ಆಟ ಗೆದ್ದ ಹಾಗೆ. ಇಬ್ಬರ ಬಲ ಸಮ ಇದ್ರೆ ಇಬ್ಬರಿಗೂ ಸುಮಾರು 30 ಏಟು ಬೀಳತ್ತೆ, 100 ರಲ್ಲಿ. ಬಲದ ವ್ಯತ್ಯಾಸ ಹೆಚ್ಚಾದಾಗ ಏಟು ಒಂದೇ ಸಮ ಏರಲ್ಲ, ಚಕ್ರಬಡ್ಡಿ ಥರ ಏರತ್ತೆ. 10 ಹೆಚ್ಚಿದ್ರೆ ನೀವು ಕೊಡೋದು ಸುಮಾರು 45, ತಿನ್ನೋದು 20. 17 ಹೆಚ್ಚಿದ್ರೆ ಕೊಡೋದು 60 ರ ಹತ್ರ, ತಿನ್ನೋದು 15. 30 ಹೆಚ್ಚಿದ್ರೆ ಒಂದೇ ಏಟಿಗೆ ಕಥೆ ಮುಗೀತು. ಮತ್ತೆ ಗಾಯ ಆದವನ ಬಲನೂ ಕುಗ್ಗತ್ತೆ, 10 ಹೆಲ್ತ್ ಹೋದ್ರೆ 1 ಬಲ ಹೋದ ಹಾಗೆ. ಅಂದ್ರೆ +3, +5 ಅಂತ ಸಣ್ಣದಾಗಿ ಕಾಣೋ ಬೋನಸ್‌ಗಳನ್ನ ಒಂದರ ಮೇಲೆ ಒಂದು ಪೇರಿಸಿದವನೇ ಗೆಲ್ಲೋದು. ಗುಡ್ಡ ಅಥವಾ ಕಾಡಿನಲ್ಲಿ ನಿಂತವನಿಗೆ +3. ಅಲ್ಲಾಡದೆ ಫಾರ್ಟಿಫೈ ಆಗಿದ್ರೆ ಮೊದಲ ಟರ್ನ್ +3, ಎರಡನೇ ಟರ್ನ್‌ಗೆ +6. ನದಿ ದಾಟಿ ಹೊಡೆಯೋಕೆ ಬರೋನಿಗೆ 5 ಕಡಿತ.

ಮೊನ್ನೆ ನಾನೇ ಆಡಿದ ಒಂದು ಆಟದಿಂದ ತೋರಿಸ್ತೀನಿ, ನಿಮ್ಮ ಪರಿಸ್ಥಿತಿಯೇ, ಕಿಂಗ್ ಲೆವೆಲ್, ಎರಡನೇ ನಗರ, ಪಶ್ಚಿಮಕ್ಕೆ ನದಿ, ನದಿ ದಂಡೆ ಮೇಲೆ ನಗರಕ್ಕೆ ಅಂಟ್ಕೊಂಡು ಒಂದು ಗುಡ್ಡ. ಪಕ್ಕದವನು ನನ್ನನ್ನ ಡಿನೌನ್ಸ್ ಮಾಡಿದ (ಎಲ್ಲರೆದುರು ಖಂಡಿಸಿದ). ಸುಮ್ನೆ ಬೈಗುಳ ಅಂತ ಬಿಟ್ಬಿಡೋ ವಿಷಯ ಅಲ್ಲ ಅದು, ಫಾರ್ಮಲ್ ವಾರ್ ಮಾಡೋ ಮುಂಚೆ ಡಿನೌನ್ಸ್ ಮಾಡಿ ಐದು ಟರ್ನ್ ಕಾಯ್ಬೇಕು, ಅಂದ್ರೆ ನಂಗೆ ಐದು ಟರ್ನ್ ನೋಟಿಸ್ ಕೊಟ್ಟ ಹಾಗೆ. ಆ ಐದರಲ್ಲಿ ವಾರಿಯರ್‌ನ ಗುಡ್ಡ ಹತ್ತಿಸಿ ಫಾರ್ಟಿಫೈ ಮಾಡಿಸಿದೆ, ಒಬ್ಬ ಆರ್ಚರ್‌ನ ನಗರದ ಒಳಗೆ ಇಟ್ಟೆ, ಇನ್ನಿಬ್ಬರು ಆರ್ಚರ್‌ಗಳನ್ನ ನಗರದ ಅಕ್ಕಪಕ್ಕ. ಅವನ ಮೊದಲ ವಾರಿಯರ್ ನದಿ ದಾಟಿ ನನ್ನ ಗುಡ್ಡದ ಮೇಲೆ ಬಿದ್ದ. ಲೆಕ್ಕ ಹಾಕಿ, ನನ್ನವನು 20 + 3 + 6 = 29. ಅವನದು 20, ಕಿಂಗ್‌ನಲ್ಲಿ ಎಐಗೆ (ಕಂಪ್ಯೂಟರ್ ಆಡೋ ಎದುರಾಳಿಗೆ) ಸಿಗೋ +1 ಸೇರಿ 21, ನದಿಗೆ 5 ಕಳೆದು 16. ವ್ಯತ್ಯಾಸ 13. ನನ್ನವನಿಗೆ ಬಿದ್ದಿದ್ದು 18 ರ ಆಸುಪಾಸು, ಅವನು ತಿಂದಿದ್ದು 50. ನನ್ನ ಟರ್ನ್ ಬಂತು, ಅರ್ಧ ಜೀವ ಹೋದ ಅವನ ಬಲ ಈಗ 16, ಆರ್ಚರ್ ಬಾಣದ ಬಲ 25, ಮೊದಲ ಬಾಣಕ್ಕೆ 43 ಹೋಯ್ತು, ಎರಡನೇ ಬಾಣಕ್ಕೆ ಆಸಾಮಿ ಇಲ್ಲ. ಮೂರನೇ ಬಾಣ ಹಿಂದಿದ್ದವನಿಗೆ. ಹೀಗೆ ಟರ್ನ್‌ಗೆ ಒಬ್ಬನ ಹಾಗೆ ನಾಲ್ಕು ವಾರಿಯರ್ ಹೋದ್ರು. ನಡುವೆ ನನ್ನ ವಾರಿಯರ್‌ಗೆ ಪ್ರಮೋಷನ್ ಬಂತು, ಅದನ್ನ ತಕ್ಷಣ ತಗೊಳ್ಳದೆ ಇಟ್ಕೊಂಡಿದ್ದೆ, ಹೆಲ್ತ್ 40 ಕ್ಕೆ ಇಳಿದಾಗ ಒತ್ತಿದೆ, ಪ್ರಮೋಷನ್ ತಗೊಂಡಾಗ 50 ಹೆಲ್ತ್ ವಾಪಸ್ ಬರತ್ತೆ, ಔಷಧಿ ಥರ ಬಳಸ್ಬಹುದು. ಅದೇ ವಾರಿಯರ್ ಬಯಲಿನಲ್ಲಿ ಓಡಾಡ್ತಾ ಇದ್ದಿದ್ರೆ 20 ಎದುರು 21, ಒಂದೊಂದು ಏಟಿಗೂ 31 ಹೋಗ್ತಿತ್ತು, ಮೂವರು ಸುತ್ತುವರಿದ್ರೆ ಅದೇ ಟರ್ನ್‌ನಲ್ಲಿ ಸತ್ತಿರ್ತಿದ್ದ. ಅದೇ ಸೈನಿಕ, ಅದೇ ಶತ್ರು, ನಿಂತ ಜಾಗ ಮಾತ್ರ ಬೇರೆ.

ಆ ಆಟದಲ್ಲೇ ಒಂದು ತಪ್ಪು ಮಾಡ್ಬಿಡ್ತಿದ್ದೆ, ನೀವು ಮಾಡ್ಬೇಡಿ. ಆರ್ಚರ್‌ನ ವಾರಿಯರ್ ಹಿಂದೆ, ಗುಡ್ಡದ ಈ ಕಡೆ ಬಯಲಿನಲ್ಲಿ ಇಡೋಕೆ ಹೋಗಿದ್ದೆ, ಅಲ್ಲಿಂದ ಗುಡ್ಡದಾಚೆ ಕಾಣಲ್ಲ, ಎರಡು ಟೈಲ್ ಬಾಣದ ಹರವು ಇದ್ರೂ ಗುಡ್ಡ, ಕಾಡು ಅಡ್ಡ ಬಂದ್ರೆ ಬಿಡೋಕಾಗಲ್ಲ. ಆರ್ಚರ್‌ನ ಪಕ್ಕಕ್ಕೆ ಸರಿಸಿ, ಇಲ್ಲ ಅವನನ್ನೂ ಎತ್ತರಕ್ಕೆ ಹತ್ತಿಸಿ. ನಗರದ ಒಳಗಿರೋ ಆರ್ಚರ್ ಮಾತ್ರ ಅತಿ ಸುಖಿ, ಶತ್ರು ಹೊಡೆದ್ರೂ ಏಟು ನಗರಕ್ಕೆ ಬೀಳತ್ತೆ ಹೊರತು ಅವನಿಗಲ್ಲ, ನಗರ ಬಿದ್ರೆ ಮಾತ್ರ ಅವನು ಹೋಗೋದು.

ನಡಿಗೆ ನಿಯಮನೂ 5 ರಿಂದ ಬದಲಾಗಿದೆ, ಇದು ಕೈಗೆ ಅಭ್ಯಾಸ ಆಗೋಕೆ ನಂಗೆ ಎಷ್ಟೋ ಆಟ ಬೇಕಾಯ್ತು. 5 ರಲ್ಲಿ ಒಂಚೂರು ನಡಿಗೆ ಉಳಿದಿದ್ರೂ ಗುಡ್ಡ ಹತ್ಬಹುದಿತ್ತು. 6 ರಲ್ಲಿ ಗುಡ್ಡಕ್ಕೆ 2 ಬೇಕು ಅಂದ್ರೆ ಪೂರ್ತಿ 2 ಇರ್ಲೇಬೇಕು, ಬಯಲಿನಲ್ಲಿ ಒಂದು ಹೆಜ್ಜೆ ಇಟ್ಟು ಆಮೇಲೆ ಗುಡ್ಡ ಹತ್ತೋಕಾಗಲ್ಲ, ಮುಂದಿನ ಟರ್ನ್‌ವರೆಗೂ ಕಾಯ್ಬೇಕು. ಹೀಗಾಗಿ ಸಹಾಯಕ್ಕೆ ಬರೋ ಸೈನ್ಯ ನೀವು ಅಂದ್ಕೊಂಡಿದ್ದಕ್ಕಿಂತ ಎರಡು ಮೂರು ಟರ್ನ್ ತಡ ಆಗತ್ತೆ. ರಾಜಧಾನಿಯಲ್ಲಿ ಐದು ಯೂನಿಟ್ ಕೂಡಿಸಿಟ್ಕೊಂಡು ಎರಡನೇ ನಗರಕ್ಕೆ ಕಷ್ಟ ಬಂದಾಗ ಕಳಿಸ್ತೀನಿ ಅನ್ನೋದು 6 ರಲ್ಲಿ ನಡೆಯಲ್ಲ. ಶತ್ರು ಗಡಿ ಕಡೆ ಇರೋ ನಗರದಲ್ಲೇ ಅವರು ಬದುಕ್ಬೇಕು. ಸೆಟ್ಲರ್ ಹೊರಟಾಗಲೇ ವಾರಿಯರ್ ಅಥವಾ ಆರ್ಚರ್ ಒಬ್ಬರನ್ನ ಅದೇ ಟೈಲ್‌ನಲ್ಲಿ ಜೋಡಿಸಿ ಕಳ್ಸಿ, ಎಸ್ಕಾರ್ಟ್ ಬಟನ್ ಇದೆ, ಒಟ್ಟಿಗೇ ನಡೀತಾರೆ. ಒಂಟಿ ಸೆಟ್ಲರ್‌ನ ಶತ್ರು ಹಿಡ್ಕೊಂಡು ಹೋದ್ರೆ ಅವನ ನಗರಕ್ಕೆ ನೀವೇ 80 ಪ್ರೊಡಕ್ಷನ್ ಕೊಟ್ಟ ಹಾಗೆ.

ಹಾಗಾದ್ರೆ ಎಷ್ಟು ಯೂನಿಟ್? ನನ್ನ ಅಳತೆ, 25ನೇ ಟರ್ನ್ ಹೊತ್ತಿಗೆ ಒಬ್ಬ ವಾರಿಯರ್, ಇಬ್ಬರು ಸ್ಲಿಂಗರ್, ಒಬ್ಬ ಅಥವಾ ಇಬ್ಬರು ಸ್ಕೌಟ್. 40 ಕ್ಕೆ ಮೂವರು ಆರ್ಚರ್, ಇಬ್ಬರು ವಾರಿಯರ್. ಪಕ್ಕದವನು ಹತ್ತು ಟೈಲ್ ಒಳಗೆ ಇದ್ರೆ ಇನ್ನೊಬ್ಬ ಆರ್ಚರ್ ಸೇರ್ಸಿ, ದೂರ ಇದ್ರೆ ಆ ಪ್ರೊಡಕ್ಷನ್ ಸೆಟ್ಲರ್‌ಗೆ ಹೋಗ್ಲಿ. ಎಐ ನಿಮ್ಮ ಸೈನ್ಯದ ಬಲ ನೋಡ್ತಾ ಇರತ್ತೆ, ತೀರಾ ಬಡವಾಗಿ ಕಂಡ್ರೆ ಬಂದೇ ಬರತ್ತೆ, ಮೂವರು ಆರ್ಚರ್ ಸುಮ್ನೆ ನಿಂತಿದ್ರೂ ಅದಕ್ಕೊಂದು ಬೆಲೆ ಇದೆ. ಆರ್ಚರ್‌ಗೆ ಟರ್ನ್‌ಗೆ 1 ಚಿನ್ನ ಖರ್ಚು, ಹಾಸಿಗೆ ಇದ್ದಷ್ಟು ಕಾಲು ಚಾಚಿ. ಕ್ರಾಫ್ಟ್ಸ್‌ಮನ್‌ಶಿಪ್ ಬಂದ್ಮೇಲೆ ಅಗೋಗೆ ಕಾರ್ಡ್ ಹಾಕಿದ್ರೆ ಈ ಯೂನಿಟ್‌ಗಳ ಮೇಲೆ 50 ಪರ್ಸೆಂಟ್ ಪ್ರೊಡಕ್ಷನ್ ಹೆಚ್ಚು, ಆ ಕಾರ್ಡ್ ಇರೋ ಹತ್ತು ಟರ್ನ್‌ನಲ್ಲೇ ಬೇಕಾದಷ್ಟು ಸೈನಿಕರನ್ನ ಒಟ್ಟಿಗೆ ಮಾಡ್ಕೊಂಡು, ಅರ್ಲಿ ಎಂಪೈರ್ ಬಂದ್ಮೇಲೆ ಕಾಲೊನೈಸೇಷನ್ ಹಾಕ್ಕೊಂಡು ಸೆಟ್ಲರ್‌ಗಳನ್ನ ಒಟ್ಟಿಗೆ ಮಾಡಿ. ಸಿವಿಕ್ ಮುಗಿದ ಟರ್ನ್‌ನಲ್ಲಿ ಕಾರ್ಡ್ ಬದಲಾಯಿಸೋದು ಪುಕ್ಕಟೆ, ಅದನ್ನ ನೋಡ್ಕೊಂಡು ಮಾಡಿ.

ಯುದ್ಧ ತಪ್ಪಿಸೋದಕ್ಕೂ ಕಮ್ಮಿ ಖರ್ಚಿನ ದಾರಿ ಇದೆ. ಯಾರನ್ನೇ ಮೊದಲ ಸಲ ಭೇಟಿ ಮಾಡಿದ ತಕ್ಷಣ 25 ಚಿನ್ನ ಕೊಟ್ಟು ಡೆಲಿಗೇಷನ್ ಕಳ್ಸಿ, ಆ ಟರ್ನ್‌ನಲ್ಲೇ ಕಳ್ಸಿದ್ರೆ ಹೆಚ್ಚು ಸಲ ಒಪ್ಕೊಳ್ತಾರೆ, ತಡ ಆದ್ರೆ ಮುಖ ತಿರುಗಿಸ್ತಾರೆ. ಮುಖ ಹಸಿರಾಗಿ ನಗ್ತಿದ್ರೆ ಡಿಕ್ಲೇರ್ಡ್ ಫ್ರೆಂಡ್‌ಶಿಪ್ ಕೇಳಿ, 30 ಟರ್ನ್ ಅವನು ನಿಮ್ಮ ಮೇಲೆ ಯುದ್ಧ ಮಾಡೋ ಹಾಗಿಲ್ಲ. ಒಂದು ಕಡೆ ಗಡಿ ಹೀಗೆ ಭದ್ರ ಆದ್ರೆ ಎಲ್ಲ ಆರ್ಚರ್‌ನೂ ಇನ್ನೊಂದು ಕಡೆ ಇಡ್ಬಹುದು.

ಸ್ವೋರ್ಡ್ಸ್‌ಮನ್ ಮಾಡೋಕೆ ಬಿಡ್ತಿಲ್ಲ ಅಂದ್ರಲ್ಲ, ಅದು ಗ್ಯಾದರಿಂಗ್ ಸ್ಟಾರ್ಮ್‌ನಲ್ಲಿ 2019 ರಿಂದ ಬಂದ ಬದಲಾವಣೆ. ಕಬ್ಬಿಣದ ಗಣಿ ಇದ್ರೆ ಸಾಲದು, ಕಬ್ಬಿಣ ಕೂಡಿಡ್ಬೇಕು. ಒಬ್ಬ ಸ್ವೋರ್ಡ್ಸ್‌ಮನ್‌ಗೆ 20 ಕಬ್ಬಿಣ, ಒಂದು ಗಣಿ ಟರ್ನ್‌ಗೆ 2 ಕೊಡತ್ತೆ, ಅಂದ್ರೆ ಹತ್ತು ಟರ್ನ್‌ಗೆ ಒಬ್ಬ. ಹಾರ್ಸ್‌ಮನ್‌ಗೂ ಹೀಗೇ, 20 ಕುದುರೆ. ಅದಕ್ಕೇ ಗಣಿ ಮಾಡೋದನ್ನ ಐರನ್ ವರ್ಕಿಂಗ್ ಮುಗಿಯೋವರೆಗೂ ಮುಂದೂಡ್ಬೇಡಿ, ಬ್ರಾಂಜ್ ವರ್ಕಿಂಗ್ ಆದಾಗ ಕಬ್ಬಿಣ ಎಲ್ಲಿದೆ ಅಂತ ಕಾಣತ್ತೆ, ಅವತ್ತೇ ಬಿಲ್ಡರ್ ಕಳ್ಸಿ ಗಣಿ ಮಾಡಿ, ಆ ಗಣಿಯೇ ಐರನ್ ವರ್ಕಿಂಗ್‌ಗೆ ಯುರೇಕಾ ಕೂಡ. ಟೆಕ್ ಬರೋ ಹೊತ್ತಿಗೆ ಉಗ್ರಾಣದಲ್ಲಿ 20 ಕೂತಿರತ್ತೆ. ಸ್ವೋರ್ಡ್ಸ್‌ಮನ್ ಬಲ 35, ವಾರಿಯರ್ ಎದುರು ಒಂದು ಏಟಿಗೆ 55 ಕೊಟ್ಟು 16 ತಿಂತಾನೆ, ಇಬ್ಬರಿದ್ರೆ ಆ ಕಾಲಕ್ಕೆ ದೊಡ್ಡ ಸೈನ್ಯ. ಹಾರ್ಸ್‌ಮನ್ ಬಲ 36, ನಡಿಗೆ 4, ಬೆಲೆ 80, ಸ್ವೋರ್ಡ್ಸ್‌ಮನ್‌ಗಿಂತ 10 ಕಮ್ಮಿ. ಕಬ್ಬಿಣನಾ ಕುದುರೆನಾ ಅಂದ್ರೆ ಕೈಗೆ ಮೊದಲು ಯಾವುದು ಸಿಗತ್ತೋ ಅದು, ಎರಡೂ ಇದ್ರೆ ಕಾಯೋದಕ್ಕೆ ಸ್ವೋರ್ಡ್ಸ್‌ಮನ್, ದಾಳಿಗೆ ಹಾರ್ಸ್‌ಮನ್ ಅಂತ ನಾನು ಆಯ್ಕೆ ಮಾಡ್ತೀನಿ. ಎರಡೂ ಇಲ್ಲಾಂದ್ರೆ ಆರ್ಚರ್ ಹೆಚ್ಚಿಸಿ, ಒಂದಿಬ್ಬರು ಸ್ಪಿಯರ್‌ಮನ್ ಇಟ್ಕೊಳ್ಳಿ, ಕುದುರೆ ಎದುರು ಅವರಿಗೆ +10 ಇದೆ, 25 ಹೋಗಿ 35 ಆಗತ್ತೆ, ಹಾರ್ಸ್‌ಮನ್‌ಗೆ ಹೆಚ್ಚುಕಮ್ಮಿ ಸಮ.

ನೀವೇ ಮೊದಲು ದಾಳಿ ಮಾಡೋದಾ ಅನ್ನೋ ಪ್ರಶ್ನೆ. ಯಾವ ನಾಗರಿಕತೆ ಆಡ್ತಿದೀರಿ ಅನ್ನೋದರ ಮೇಲಿದೆ. ಸುಮೇರಿಯಾ ಆದ್ರೆ ವಾರ್-ಕಾರ್ಟ್ ಮೊದಲ ಟರ್ನ್‌ನಿಂದಲೇ ಸಿಗತ್ತೆ, ಬಲ 30, ಕುದುರೆನೂ ಬೇಡ, ಪಕ್ಕದಲ್ಲಿ ಯಾರಿದ್ರೂ ಹೋಗಿ ಹೊಡೀಲೇಬೇಕು. ಅಜ್ಟೆಕ್‌ನ ಈಗಲ್ ವಾರಿಯರ್ 28, ಅವನು ಸೋಲಿಸಿದವನು ಬಿಲ್ಡರ್ ಆಗಿ ನಿಮ್ಮ ಕೈಗೆ ಬರಬಹುದು. ಭಾರತ ಆದ್ರೆ ಹಾರ್ಸ್‌ಬ್ಯಾಕ್ ರೈಡಿಂಗ್‌ಗೆ ವರು ಅನ್ನೋ ಆನೆ ಬರತ್ತೆ, ಬಲ 40, ಅದರ ಪಕ್ಕದಲ್ಲಿ ನಿಂತ ಶತ್ರುಗಳಿಗೆಲ್ಲ 5 ಕಡಿತ, ನಡಿಗೆ ಮಾತ್ರ 2, ಎರಡು ಆನೆ ಜೊತೆಗೆ ಆರ್ಚರ್ ಇದ್ರೆ ಆ ಯುಗದಲ್ಲಿ ಎದುರು ನಿಲ್ಲೋರು ಕಮ್ಮಿ. ಇಂಥದ್ದೇನೂ ಇಲ್ಲದ ನಾಗರಿಕತೆ ಆದ್ರೆ ಒಂದೇ ಒಂದು ವಿಷಯ ನೋಡಿ, ಪಕ್ಕದವನ ನಗರಕ್ಕೆ ಗೋಡೆ ಇದೆಯಾ ಇಲ್ವಾ. ಇಲ್ಲಾಂದ್ರೆ ನಾಲ್ಕು ಆರ್ಚರ್, ಇಬ್ಬರು ವಾರಿಯರ್ ಸಾಕು. ನಗರದ ಮೇಲೆ ಬಾಣಕ್ಕೆ 17 ಕಡಿತ ಇದೆ, ಆದ್ರೂ ನಾಲ್ವರು ಸೇರಿ ಹೊಡೆದ್ರೆ ಇಳಿಯತ್ತೆ, ವಾರಿಯರ್‌ಗಳು ಎದುರು ಬದುರು ನಿಂತು ಸುತ್ತಲಿನ ಎಲ್ಲ ಟೈಲ್‌ನೂ ತಮ್ಮ ಹಿಡಿತಕ್ಕೆ ತಗೊಂಡ್ರೆ ನಗರಕ್ಕೆ ಟರ್ನ್‌ಗೆ ಬರೋ 20 ಹೆಲ್ತ್ ನಿಂತು ಹೋಗತ್ತೆ, ಕೊನೇ ಏಟು ವಾರಿಯರ್‌ದೇ ಆಗಿರ್ಬೇಕು, ಆರ್ಚರ್ ಒಳಗೆ ಹೋಗಿ ನಗರ ಹಿಡಿಯೋಕಾಗಲ್ಲ. ಗೋಡೆ ಎದ್ದಾಗಿದ್ರೆ ಆರ್ಚರ್ ತಗೊಂಡು ಹೋಗ್ಬೇಡಿ, ವಾಪಸ್ ಬನ್ನಿ. ಆಗ ಬೇಕಾಗಿರೋದು ಒಂದು ಬ್ಯಾಟರಿಂಗ್ ರ‍್ಯಾಮ್ (65 ಪ್ರೊಡಕ್ಷನ್, ಮೇಸನ್ರಿಯಲ್ಲಿ ಬರತ್ತೆ) ಮತ್ತೆ ಇಬ್ಬರು ಮೂವರು ಸ್ವೋರ್ಡ್ಸ್‌ಮನ್. ರ‍್ಯಾಮ್ ನಗರದ ಪಕ್ಕದ ಟೈಲ್‌ನಲ್ಲಿದ್ರೆ ಸಾಕು, ಎಲ್ಲ ಮೆಲೀ ಯೂನಿಟ್ ಏಟೂ ಗೋಡೆಗೆ ಪೂರ್ತಿ ಬೀಳತ್ತೆ. ಕೆಟಪಲ್ಟ್ ಶುರುವಿನಲ್ಲಿ ನಂಗೆ ಇಷ್ಟ ಇಲ್ಲ, ನಡೆದ ಟರ್ನ್‌ನಲ್ಲಿ ಹೊಡೆಯೋಕಾಗಲ್ಲ, ಹತ್ರ ಹೋಗೋ ಅಷ್ಟರಲ್ಲಿ ಸತ್ತಿರತ್ತೆ.

ಪೊಲಿಟಿಕಲ್ ಫಿಲಾಸಫಿ ಸಿಕ್ಕಾಗ ಯುದ್ಧದ ಯೋಚನೆ ಇದ್ರೆ ಒಲಿಗಾರ್ಕಿ ತಗೊಳ್ಳಿ, ಮೆಲೀ ಯೂನಿಟ್‌ಗಳಿಗೆಲ್ಲ +4, ಆ ಚಕ್ರಬಡ್ಡಿ ಲೆಕ್ಕ ನೆನಪು ಮಾಡ್ಕೊಂಡ್ರೆ ಅದು ಎಷ್ಟು ದೊಡ್ಡದು ಅಂತ ಗೊತ್ತಾಗತ್ತೆ. ಯುದ್ಧ ಬೇಡ ಅಂದ್ರೆ ಕ್ಲಾಸಿಕಲ್ ರಿಪಬ್ಲಿಕ್.

ಮುಂದಿನ ಆಟದಲ್ಲಿ ಸ್ಟೋನ್‌ಹೆಂಜ್ ಒಂದನ್ನ ಬಿಟ್ಟು, ಎರಡನೇ ಸೆಟ್ಲರ್‌ನ ನದಿ ದಂಡೆಯಲ್ಲಿ ಗುಡ್ಡ ಇರೋ ಜಾಗಕ್ಕೆ ಕಳ್ಸಿ ನೋಡಿ. ನದಿ ಪಕ್ಕ ಆದ್ರೆ ಹೌಸಿಂಗ್ (ಎಷ್ಟು ಜನಕ್ಕೆ ಜಾಗ ಅನ್ನೋ ಅಳತೆ) 5 ಸಿಗತ್ತೆ, ನೀರಿಲ್ಲದ ಕಡೆ ಬರೀ 2, ಹಾಗಾಗಿ ನಗರ ಬೆಳೆಯೋಕೂ ಅದೇ ಒಳ್ಳೆ ಜಾಗ, ಕಾಯೋಕೂ ಅದೇ. ಸೆಟ್ಲರ್ ಜೊತೆ ವಾರಿಯರ್ ಹೋಗ್ಲಿ, ಊರು ಹಾಕಿದ ಟರ್ನ್‌ನಲ್ಲೇ ಅವನು ಗುಡ್ಡ ಹತ್ತಿ ಫಾರ್ಟಿಫೈ ಆಗ್ಲಿ. 55ನೇ ಟರ್ನ್‌ಗೆ ಪಕ್ಕದವನು ಬಂದ್ರೆ ಅವನ ವಾರಿಯರ್‌ಗಳು ಯಾವ ಟೈಲ್‌ನಿಂದ ನದಿ ದಾಟಿದ್ರು, ನಿಮ್ಮ ಆರ್ಚರ್‌ಗಳು ಎಲ್ಲಿದ್ರು ಅನ್ನೋದನ್ನ ಬರೆದು ಕಳ್ಸಿ, ಎಲ್ಲಾದ್ರೂ ಸಿಕ್ಕಿಹಾಕ್ಕೊಂಡ್ರೆ ಆ ಟರ್ನ್‌ನಿಂದಲೇ ಒಟ್ಟಿಗೆ ಲೆಕ್ಕ ಹಾಕೋಣ.